ಎಂಟುನೂರಕ್ಕೆ ಹದಿಮೂರು ನೂರರ ಗುಂಡಿಗೆ

ಚಾಮುಂಡಿ ಬೆಟ್ಟದ ಮೊದಲ ಏರು ಸಿಕ್ಕುತ್ತಿದ್ದಂತೆ ಕುವೆಂಪುನಗರದ ಯಜಮಾನರ ಮಾರುತಿ 800ರಲ್ಲಿ ಮೂರು ಕೆಲಸ ತಾವಾಗಿ ನಡೆದುಹೋಗುತ್ತಿದ್ದವು. ಹೆಂಡತಿ ಕೈಚಾಚಿ ಎ.ಸಿ. ಆರಿಸುವರು. ಯಜಮಾನರು ಎರಡನೇ ಗೇರಿಗೆ ಇಳಿಸುವರು. ಹಿಂದಿನ ಸೀಟಿನಲ್ಲಿ ಅತ್ತೆಯವರು ಹೂವಿನ ಬುಟ್ಟಿ ತಬ್ಬಿಕೊಂಡು ಮುಂದಕ್ಕೆ ಬಾಗುವರು. ತಾವು ಬಾಗಿದಷ್ಟೂ ಕಾರಿಗೆ ಹಗುರವೆಂಬುದು ಅವರ ಎಣಿಕೆ. ಹಿಂದೆ ಬಂದ 201 ನಂಬರಿನ ಸಿಟಿ ಬಸ್ಸು ಹಾರ್ನ್ ಮೇಲೆ ಹಾರ್ನ್ ಹೊಡೆಯುವುದು.

ಇದನ್ನೆಲ್ಲ ಯಜಮಾನರು ಸಹಿಸಿಕೊಂಡಿದ್ದರು. ಒಂದು ಭಾನುವಾರ, ಮೆಟ್ಟಿಲ ದಾರಿ ರಸ್ತೆಗೆ ಅಡ್ಡ ಬರುವ ಕಡೆ ಮೊಮ್ಮಗ ಬಾಯಿಬಿಟ್ಟ: “ತಾತ, ಆ ಅಜ್ಜಿ ನಮಗಿಂತ ಮುಂದೆ ಹೋಗ್ತಿದ್ದಾರೆ.” ಆ ಅಜ್ಜಿ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು.

ತಪ್ಪು ಕಾರಿನದೇನಲ್ಲ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿಯ ಬೀಗದಕೈ ಕೊಟ್ಟಾಗ ಬೆಟ್ಟ ಹತ್ತಿಸುತ್ತೇವೆಂದು ಯಾರೂ ಆಣೆಯಿಟ್ಟಿರಲಿಲ್ಲ. ಮೂರು ಸಿಲಿಂಡರು, 796 ಸಿ.ಸಿ., ಹತ್ತಿರಹತ್ತಿರ 40 ಅಶ್ವಶಕ್ತಿ, ಹನ್ನೆರಡು ಇಂಚಿನ ಚಕ್ರ, ಸುಮಾರು 650 ಕಿಲೋ ತೂಕ. ಅದಕ್ಕೆ ಐದು ಜನ, ಎರಡು ತೆಂಗಿನಕಾಯಿ, ಪುಳಿಯೋಗರೆಯ ಡಬ್ಬಿ ಸೇರಿದರೆ ಒಂದು ಟನ್ ಹತ್ತಿರ. ಮೈಸೂರಿನಿಂದ ಬೆಟ್ಟದ ತಲೆಗೆ ಸುಮಾರು 300 ಮೀಟರ್. ಒಂದು ಟನ್ನನ್ನು ಮುನ್ನೂರು ಮೀಟರ್ ಎತ್ತು ಎಂದರೆ ಯಾರಿಗಾದರೂ ಏದುಸಿರು ಬರುತ್ತದೆ.

ಯಜಮಾನರು ಸೋಮವಾರವೇ ಮೆಕ್ಯಾನಿಕ್ ಮುಂದೆ ನಿಂತರು. ಆತ ಬಾನೆಟ್ ಎತ್ತಿ, ಇಂಜಿನ್ನಿನ ಎರಡೂ ಮಗ್ಗುಲಿಗೆ ಅಂಗೈ ತೂರಿಸಿ ಜಾಗ ನೋಡಿ, ಕೈಯನ್ನು ಬನಿಯನ್ ವೇಸ್ಟಿಗೆ ಒರೆಸಿಕೊಂಡ. “ಎಸ್ಟೀಮ್ ಇಂಜಿನ್ ಕೂರಿಸ್ಬುಡಾಣ ಸಾರ್. ನಿಮ್ ಮುಂದಿನ ಬೀದಿ ಹುಡುಗಂಗೆ ಕೂರಿಸಿಲ್ವಾ? ಬೆಟ್ಟ ಬೆಣ್ಣೆ ಥರಾ ಹತ್ತುತ್ತೆ.”

ಎಸ್ಟೀಮ್ ಕಾರಿನದು 1298 ಸಿ.ಸಿ., ನಾಲ್ಕು ಸಿಲಿಂಡರು, 65ರ ಆಸುಪಾಸು ಅಶ್ವಶಕ್ತಿ. ಎಂಟುನೂರರಂತೆ ಅದೂ ಸುಜುಕಿಯದೇ, ಹಾಗಾಗಿ ಸಂಬಂಧ ದೂರದ್ದಲ್ಲ. ಆದರೂ ಹೊಸ ಅಳಿಯನಂತೆ ಅದು ಒಬ್ಬಂಟಿಯಾಗಿ ಬರುವುದಿಲ್ಲ. ಗೇರ್‌ಬಾಕ್ಸ್ ಜೊತೆಗೇ ಬರಬೇಕು, ಆಕ್ಸಲ್ ಹೊಂದಿಸಬೇಕು, ಮೌಂಟಿಂಗ್ ಕತ್ತರಿಸಿ ಹೊಸದಾಗಿ ವೆಲ್ಡ್ ಮಾಡಬೇಕು. ಹಳೇ ರೇಡಿಯೇಟರು ಇಷ್ಟು ಬಿಸಿ ತಡೆಯದು, ಅದನ್ನೂ ಬದಲಿಸಬೇಕು. ಗುಜರಿಯಲ್ಲಿ ಇಂಜಿನ್ ಅಗ್ಗ. ಅದರ ಪರಿವಾರವೇ ದುಬಾರಿ.

ಇದೇನು ಮೈಸೂರಿನ ಮೆಕ್ಯಾನಿಕ್ ಕಂಡುಹಿಡಿದ ವಿದ್ಯೆಯಲ್ಲ. ಮಲೆನಾಡಿನ ತೋಟಗಳಲ್ಲಿ ಪೆಟ್ರೋಲ್ ಜೀಪುಗಳ ಹೊಟ್ಟೆಗೆ ಡೀಸೆಲ್ ಇಂಜಿನ್ ಹೋಗಿ ಎಷ್ಟೋ ಕಾಲವಾಯಿತು. ಮ್ಯಾಟಡೋರ್ ವ್ಯಾನಿನ ಇಂಜಿನ್ ಹೊತ್ತ ಅಂಬಾಸಿಡರ್ ಬಾಡಿಗೆ ಕಾರು ಬರುವುದು ಮುಂದಿನ ಬೀದಿಗೇ ಕೇಳುತ್ತಿತ್ತು. ಕಂಪನಿಗಳೂ ಇದನ್ನೇ ಮಾಡಿವೆ. ಅಂಬಾಸಿಡರಿಗೆ 1.8 ಲೀಟರಿನ ಇಸುಜು ಇಂಜಿನ್ ಬಂದಾಗ ಸ್ಟಿಯರಿಂಗ್ ಪಕ್ಕದಲ್ಲಿದ್ದ ಗೇರ್ ಕಡ್ಡಿ ನೆಲಕ್ಕಿಳಿಯಿತು. 2000ದಲ್ಲಿ ಬಂದ ಆಲ್ಟೋ ಒಂದೇ ಮೈಯಲ್ಲಿ 796 ಸಿ.ಸಿ.ಯದೂ ಸಿಗುತ್ತಿತ್ತು, 1061ರದೂ ಸಿಗುತ್ತಿತ್ತು. ಎರಡನೆಯದನ್ನು ಕೊಂಡವರು ಏರಿನಲ್ಲಿ ಮೊದಲನೆಯದನ್ನು ಕೊಂಡವರತ್ತ ನೋಡುವ ನೋಟವೇ ಬೇರೆ.

ಈ ಕಸುಬಿನ ಕುಲಗುರು ಮಾತ್ರ ಇಂಗ್ಲೆಂಡಿನವನು. 1959ರಲ್ಲಿ ಬಂದ ಮಿನಿ ಕಾರಿನದು 848 ಸಿ.ಸಿ., 34 ಅಶ್ವಶಕ್ತಿ. ಹೆಚ್ಚುಕಡಿಮೆ ನಮ್ಮ ಎಂಟುನೂರರ ಜಾತಕವೇ. ರೇಸ್ ಕಾರು ಕಟ್ಟುತ್ತಿದ್ದ ಜಾನ್ ಕೂಪರ್ ಅದಕ್ಕೆ ದೊಡ್ಡ ಇಂಜಿನ್ ಹಾಕಿಸಿದ. 1961ರ ಮಿನಿ ಕೂಪರ್ 997 ಸಿ.ಸಿ., 55 ಅಶ್ವಶಕ್ತಿಗೆ ಏರಿತು. 1964ರ ಮಾಂಟೆ ಕಾರ್ಲೋ ರ‍್ಯಾಲಿಯಲ್ಲಿ ಪ್ಯಾಡಿ ಹಾಪ್‌ಕಿರ್ಕ್ ಇನ್ನೂ ಬಲಿತ ಕೂಪರ್ ಎಸ್ ಓಡಿಸಿ, ಆಲ್ಪ್ಸ್ ಬೆಟ್ಟದ ದಾರಿಗಳಲ್ಲಿ ದೊಡ್ಡ ದೊಡ್ಡ ಕಾರುಗಳನ್ನು ಹಿಂದೆ ಹಾಕಿ ಗೆದ್ದ. ಇಂಜಿನ್ ದೊಡ್ಡದು ಮಾಡಿದ ಆ 1961ರಲ್ಲೇ ಕೂಪರ್ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕನ್ನೂ ಹಾಕಿಸಿದ್ದ. ಕಥೆ ಹೇಳುವವರೆಲ್ಲ ಈ ಬ್ರೇಕಿನ ಅಧ್ಯಾಯವನ್ನು ನುಂಗಿಬಿಡುತ್ತಾರೆ. ಮುಂದಿನ ಬೀದಿಯ ಹುಡುಗನಿಗೂ ಅದು ತಲುಪಿರಲಿಲ್ಲ.

ಕೈಯಿಂದ ದುಡ್ಡು ಬಿಚ್ಚುವ ಮೊದಲು ಒಮ್ಮೆ ಕೂತು ನೋಡೋಣವೆಂದು ಯಜಮಾನರು ಅವನ ಕಾರು ಹತ್ತಿದರು. ಅತ್ತೆಯವರೂ ಬಂದರು, ಮಂಗಳವಾರವೆಂದು. ಏರು ಬಂತು. ಎ.ಸಿ. ಆರಲಿಲ್ಲ! ಮೂರನೇ ಗೇರಿನಲ್ಲೇ ಕಾರು ಗುಟುರು ಹಾಕಿತು, ತಿರುವಿನಲ್ಲಿ ಮುಂದಿನ ಚಕ್ರ ಕೀರಲಿತು, 201 ಹಿಂದಾಯಿತು. ಅತ್ತೆಯವರು ಅಭ್ಯಾಸಬಲದಿಂದ ಮುಂದಕ್ಕೆ ಬಾಗಲು ಹೋದವರು ಹಿಂದಕ್ಕೆ ಬಿದ್ದರು. ಯಜಮಾನರು ಮನಸ್ಸಿನಲ್ಲೇ ಚೆಕ್ಕಿಗೆ ಸಹಿ ಹಾಕಿದರು.

ಇಳಿಯುವಾಗ ಆ ಸಹಿ ಅಳಿಸಿಹೋಯಿತು.

ಏರುವಾಗ ಇಂಜಿನ್ ಎತ್ತಿದ ಭಾರದ ಲೆಕ್ಕವನ್ನು ಇಳಿಯುವಾಗ ತೀರಿಸಬೇಕು. ಒಂದು ಟನ್ ಮುನ್ನೂರು ಮೀಟರ್ ಇಳಿದರೆ ಹುಟ್ಟುವ ಬಿಸಿಯಲ್ಲಿ ಎಂಟೊಂಬತ್ತು ಲೀಟರ್ ನೀರು ಮರಳುತ್ತದೆ, ಮದುವೆಮನೆಯ ಒಂದು ಪಂಕ್ತಿಗೆ ಕಾಫಿ ಆಗುವಷ್ಟು. ಅದರಲ್ಲಿ ಗಾಳಿ ಒಂದಿಷ್ಟು ಹೊರುತ್ತದೆ. ಹತ್ತಿದ ಗೇರಿನಲ್ಲೇ ಇಳಿದರೆ ಇಂಜಿನ್ನೂ ಹೊರುತ್ತದೆ. ಹುಡುಗ ಪೆಟ್ರೋಲ್ ಉಳಿಯಲೆಂದು ನ್ಯೂಟ್ರಲ್‌ಗೆ ತಳ್ಳಿದ್ದ. ಹೀಗಾಗಿ ಉಳಿದ ಕಾಫಿ ಪೂರ್ತಿ ಎಂಟುನೂರರ ಪುಟ್ಟ ಬ್ರೇಕಿನ ಮೇಲೆಯೇ ಕುದಿಯಿತು. ಮೂರನೇ ತಿರುವಿಗೆ ಸುಟ್ಟ ವಾಸನೆ. ನಾಲ್ಕನೆಯದಕ್ಕೆ ಪೆಡಲು ಹತ್ತಿಯಂತೆ ಒಳಗೆ ಹೋಯಿತು. ಹುಡುಗ ಹ್ಯಾಂಡ್‌ಬ್ರೇಕ್ ಎಳೆದು, ಕರಕರ ಎನಿಸಿ ಗೇರಿಗೆ ಹಾಕಿ, ವ್ಯೂ ಪಾಯಿಂಟಿನಲ್ಲಿ ಹೇಗೋ ನಿಲ್ಲಿಸಿದ. ಕೆಳಗೆ ಲಲಿತಮಹಲ್ ಬೆಳ್ಳಗೆ ಹೊಳೆಯುತ್ತಿತ್ತು. ಯಾರೂ ನೋಡಲಿಲ್ಲ. ಅತ್ತೆಯವರು ದೇವಿಗೆ ಹನ್ನೊಂದು ರೂಪಾಯಿ ಹರಕೆ ಕಟ್ಟಿ, ಚಕ್ರದಿಂದ ಏಳುತ್ತಿದ್ದ ಹೊಗೆ ಕಂಡು ಅದನ್ನು ನೂರೊಂದಕ್ಕೆ ಏರಿಸಿದರು.

ಹುಡುಗನ ಉತ್ಸಾಹಕ್ಕೆ ಕಾನೂನೂ ನೀರು ಹಾಕಿತು. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗುವಂತೆ ವಾಹನ ಬದಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆಯ ಮಾತೂ ಬಂತು. ಹುಡುಗ ಶೆಡ್ಡಿನ ಮೂಲೆಯಿಂದ ಹಳೇ ಇಂಜಿನ್ ಹೊರತೆಗೆದು ಧೂಳು ಕೊಡವಿದ. ಯಜಮಾನರು ಕ್ಲಚ್ ಪ್ಲೇಟ್ ಹಾಕಿಸಿ, ಕಾರ್ಬುರೇಟರ್ ತೊಳೆಸಿ, ಎ.ಸಿ. ಸ್ವಿಚ್ಚನ್ನು ಮತ್ತೆ ಹೆಂಡತಿಯ ವಶಕ್ಕೆ ಬಿಟ್ಟರು.

ಆಷಾಢದ ಶುಕ್ರವಾರ ಬಂತು. ಆ ದಿನ ಖಾಸಗಿ ವಾಹನಗಳಿಗೆ ಬೆಟ್ಟವಿಲ್ಲ; ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ ನಿಲ್ಲಿಸಿ ಸಾರಿಗೆ ಬಸ್ಸು ಹತ್ತಬೇಕು. ಹೊಸ ಇನ್ನೋವಾದ ಪಕ್ಕದಲ್ಲಿ ಯಜಮಾನರ ಎಂಟುನೂರು, ಅದರಾಚೆ ಹುಡುಗನದು. ಬಸ್ಸು ಮೊದಲ ಏರಿಗೆ ಬಂದಾಗ ಡ್ರೈವರು ಗೇರು ಇಳಿಸಿದ. ಕಿಟಕಿ ಪಕ್ಕ ಕೂತಿದ್ದ ಅತ್ತೆಯವರು ಹೂವಿನ ಬುಟ್ಟಿ ತಬ್ಬಿಕೊಂಡು ಮುಂದಕ್ಕೆ ಬಾಗಿದರು.