ಬೋರ್ಡಿನ ಮೇಲಿನ ಒಂಟಿಮನೆ

ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೊಂದು ಮನೆ. ಮೇಷ್ಟರು ಬರುವುದು ತುಸು ತಡವಾದರೆ ಸಾಕು, ಕರಿಹಲಗೆಯ ಮೇಲೆ ಇಷ್ಟು ಮೂಡಿಬಿಡುತ್ತದೆ. ಮೇಲೆ ನಾಲ್ಕು ಹಕ್ಕಿ. ಹಕ್ಕಿಯೆಂದರೆ ಅಡ್ಡ ಮಲಗಿಸಿದ 3. ಸೂರ್ಯ ಹುಟ್ಟುತ್ತಿದ್ದಾನೋ ಮುಳುಗುತ್ತಿದ್ದಾನೋ, ಕೇಳಿದವರಿಲ್ಲ.

ನನಗೆ ಸೋಜಿಗವೆನಿಸುವುದು ಆ ಮನೆ. ರಾಯಚೂರು, ಬಳ್ಳಾರಿ ಕಡೆಯ ಮಣ್ಣಿನ ಮಾಳಿಗೆ ಮನೆಯಲ್ಲಿ ಹುಟ್ಟಿ, ಆ ಮಾಳಿಗೆಯ ಮೇಲೇ ಆಡಿ ಬೆಳೆದ ಹುಡುಗನೂ ಸೀಮೆಸುಣ್ಣ ಹಿಡಿದರೆ ಬರೆಯುವುದು ಇಳಿಜಾರು ಮಾಡಿನ ಮನೆಯನ್ನೇ. ಜೊತೆಗೆ ಯಾವ ದೇಶದ್ದೋ ಒಂದು ಹೊಗೆಗೂಡು. ಮಲೆನಾಡಿನ ಹಳೇ ಅಡುಗೆಮನೆಗಳಲ್ಲಿ ಹೊಗೆ ಅಟ್ಟವನ್ನೆಲ್ಲ ಕಪ್ಪು ಮಾಡಿ, ಹೆಂಚಿನ ಸಂದಿನಲ್ಲಿ ದಾರಿ ಸಿಕ್ಕಲ್ಲಿ ನುಸುಳುತ್ತದೆ. ಆ ಹೆಂಚು ಬಂದದ್ದಾದರೂ ಈಚೆಗೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಸೋಗೆ, ಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದವು. ಬೋರ್ಡಿನ ಮನೆಗೆ ಆ ಭಾಗ್ಯವಿಲ್ಲ. ಮಾಡು, ಮೋಡ, ಹೊಗೆ ಎಲ್ಲಕ್ಕೂ ಒಂದೇ ಬಿಳಿ. ಬೆರಳಿನಿಂದ ಉಜ್ಜಿದರೆ ಆ ಜಿಪ್ಸಂ ಪುಡಿಯೇ ಮಂಜು. ಉಜ್ಜುವುದು ಹೆಚ್ಚಾದರೆ ಗುಡ್ಡವೇ ಮಾಯ.

ತೀರ್ಥಹಳ್ಳಿ ಕಡೆಯ ನಮ್ಮ ಅತ್ತೆಯದು ಅಸಲಿ ಒಂಟಿಮನೆ. ನೆರೆಮನೆಗೆ ಹೋಗಬೇಕಾದರೆ ಗುಡ್ಡ ಇಳಿದು, ಸಂಕ ದಾಟಿ, ಇನ್ನೊಂದು ಗುಡ್ಡ ಹತ್ತಬೇಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಹೊಯ್ಯುವ ಆಗುಂಬೆ ಅಲ್ಲಿಗೆ ಬಹಳ ದೂರವಲ್ಲ. ಮೊಮ್ಮಗ ಜಗುಲಿಯ ಹಲಗೆಯ ಮೇಲೆ ಬರೆದ ಚಿತ್ರವನ್ನು ಅವರು ಕನ್ನಡಕ ಏರಿಸಿ, ಮನೆ ಕೊಳ್ಳಲು ಬಂದವರ ಹಾಗೆ ನೋಡಿದರು.

“ಬಾಗ್ಲಲ್ಲೇ ಹೊಳೆ ಹರಿಸಿದ್ಯಲ್ಲೋ ಮಾರಾಯ! ಮಳೆಗಾಲಕ್ಕೆ ಎಂತ ಮಾಡ್ತಿ?”

“ಮಳೆಗಾಲ ಅಲ್ಲ ಅಜ್ಜಿ, ಸೂರ್ಯ ಇದಾನೆ ನೋಡು.”

“ಹೊಗೆ ಜೋರಾಗಿದೆ. ಸೌದೆ ಎಲ್ಲಿ ಒಟ್ಟಿದ್ದಿ?”

ಸೌದೆ ಕೊಟ್ಟಿಗೆ ಬಂತು. ಸೌದೆಗಾದ ಮೇಲೆ ದನಕ್ಕೆ ಬೇಡವೇ? ದನದ ಹಿಂದೆ ಗೊಬ್ಬರದ ಗುಂಡಿ, ಅಡಿಕೆ ಹರವಲು ಅಂಗಳ, ಬಾವಿ. ನೋಡನೋಡುತ್ತ ಒಂಟಿಮನೆ ಸಣ್ಣದೊಂದು ಊರಾಗಿ, ಎಡಗಡೆಯ ಗುಡ್ಡ ಅರ್ಧ ಅಳಿಸಿಹೋಯಿತು.

ರಜೆಗೆ ಬರುವ ಬೆಂಗಳೂರಿನವರು ಅದೇ ಜಗುಲಿಯಲ್ಲಿ ಕೂತು “ಇಂಥ ಕಡೆ ಒಂದು ಮನೆ ಇದ್ದರೆ ಸಾಕಪ್ಪಾ” ಎನ್ನುತ್ತಾರಲ್ಲ, ಅವರಿಗೆ ಬೇಕಿರುವುದು ಸೀಮೆಸುಣ್ಣದ ಮನೆಯೇ ಎಂದು ನನ್ನ ಗುಮಾನಿ. ಅಲ್ಲಿ ಇಂಬಳ ಕಾಲಿಗೆ ಹತ್ತುವುದಿಲ್ಲ, ಕೊನೆಗಾರ ಕೈಕೊಡುವುದಿಲ್ಲ.

ಅಜ್ಜಿಯ ಬೇಡಿಕೆ ಮುಗಿದಿರಲಿಲ್ಲ.

“ಕರೆಂಟ್ ಕಂಬ ಒಂದು ಬರಿ.”

ಬರೆದ. ತಂತಿಯನ್ನೂ ಎಳೆದ.

“ಹಾಂ, ಈಗ ತಂತಿ ಮೇಲೆ ಒಂದು ಮರ ಬೀಳಿಸು. ಆಗ ನಮ್ಮನೆ ಹಾಗೇ ಕಾಣ್ತದೆ.”