ಇಂಗ್ಲಿಷ್ ನಡೆಯುವ ಊರು

ಯುರೋಪಿಗೆ ಹೋಗಿ ನೆಲೆಸುವುದೆಂದು ನಾನು ತೀರ್ಮಾನಿಸಿ ಆಗಿದೆ. ಯಾವ ದೇಶಕ್ಕೆ ಅನ್ನುವುದೊಂದೇ ಬಾಕಿ. ಕೆಲಸ, ವೀಸಾ, ದುಡ್ಡು ಇವೆಲ್ಲ ಆಮೇಲಿನ ಮಾತು. ನನ್ನ ಷರತ್ತು ಒಂದೇ, ಅಲ್ಲಿ ಇಂಗ್ಲಿಷ್ ನಡೆಯಬೇಕು. ಹೈಸ್ಕೂಲಿನವರೆಗೆ ಕನ್ನಡ ಮೀಡಿಯಂ, ಪಿಯುಸಿಯಲ್ಲಿ ಮೇಷ್ಟರ ಕಣ್ಣು ತಪ್ಪಿಸಿ ಹಿಂದಿನ ಬೆಂಚು, ಹೀಗೆ ಪಡಬಾರದ ಪಾಡು ಪಟ್ಟು ಸಂಪಾದಿಸಿದ ಇಂಗ್ಲಿಷ್ ನನ್ನದು. ಅಷ್ಟು ಬಂಡವಾಳ ಹಾಕಿದ ಮೇಲೆ ಈ ವಯಸ್ಸಿನಲ್ಲಿ ಇನ್ನೊಂದು ಭಾಷೆಯ ಅಕ್ಷರ ತಿದ್ದುವ ಚೈತನ್ಯ ಯಾರಿಗಿದೆ?

ಮೊದಲು ನೆನಪಾದದ್ದು ಇಂಗ್ಲಿಷಿನ ತವರಾದ ಬ್ರಿಟನ್. ಅಲ್ಲಿಗೆ ದುಡಿಯಲು ಹೋಗುವವನು ತನಗೆ ಇಂಗ್ಲಿಷ್ ಬರುತ್ತದೆಂದು ಸಾಬೀತು ಮಾಡಬೇಕು. ಮೇಲೆ ಆಸ್ಪತ್ರೆ ಮೆಟ್ಟಿಲು ಹತ್ತಲಿ ಬಿಡಲಿ, ದೊಡ್ಡವರಿಗೆ ತಲೆಗೆ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ, ಅದೂ ವೀಸಾದ ಅಷ್ಟೂ ವರ್ಷದ್ದು ಮುಂಗಡ. ಅವರೇ ಕಲಿಸಿ ಅವರೇ ಅನುಮಾನಪಟ್ಟರೆ ಹೇಗೆ? ಸಿಟ್ಟಿನಲ್ಲಿ ಹೊಡೆದುಹಾಕಿದೆ.

2020ರಲ್ಲಿ ಬ್ರಿಟನ್ ಹೊರಬಿದ್ದ ಮೇಲೆ ಯುರೋಪಿಯನ್ ಒಕ್ಕೂಟದಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆಯಾಗಿ ಇಟ್ಟುಕೊಂಡಿರುವ ದೇಶಗಳು ಎರಡೇ, ಐರ್ಲೆಂಡ್ ಮತ್ತು ಮಾಲ್ಟಾ. ಐರ್ಲೆಂಡಿನಲ್ಲಿ ಕೆಲಸ ಸಿಕ್ಕರೂ ಮನೆ ಸಿಗುವುದಿಲ್ಲ. ಡಬ್ಲಿನ್‌ನಲ್ಲಿರುವ ನನ್ನ ಷಡ್ಡಕ ಒಂದು ಕೋಣೆ ನೋಡಲು ಬೀದಿಯುದ್ದ ಕ್ಯೂ ನಿಂತಿದ್ದನಂತೆ. “ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳ್ತಿದ್ರಲ್ಲ, ಆ ಓನರ್ರು ದೇವರು ಭಾವ” ಅಂದ. ಮಾಲ್ಟಾ ಇರುವುದೇ 316 ಚದರ ಕಿಲೋಮೀಟರು, ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ. ಸುತ್ತ ಸಮುದ್ರ. ಜಗಳವಾದಾಗ ಗಂಡಸು ಮನೆ ಬಿಟ್ಟು ಹೋಗುವುದಾದರೂ ಎಲ್ಲಿಗೆ? ಜಗತ್ತಿನ ಸುಖಿ ದೇಶಗಳ ಪಟ್ಟಿಯಲ್ಲಿ ಫಿನ್‌ಲೆಂಡ್ ಹಲವು ವರ್ಷಗಳಿಂದ ಮೊದಲು ಬರುತ್ತಿದೆ, ಆದರೆ ಅವರ ಭಾಷೆಗೆ 15 ವಿಭಕ್ತಿಗಳು. ನಮ್ಮ ಏಳಕ್ಕೇ ಗೆಣ್ಣಿನ ಮೇಲೆ ಏಟು ತಿಂದವನು ನಾನು.

ಉಳಿದದ್ದು ನೆದರ್‌ಲೆಂಡ್ಸ್. ಇಂಗ್ಲಿಷ್ ಮನೆಮಾತಲ್ಲದವರ ಪೈಕಿ ಅದು ಅತಿ ಚೆನ್ನಾಗಿ ಬರುವುದು ಡಚ್ಚರಿಗೆ ಅಂತ ಸಮೀಕ್ಷೆಗಳು ಹೇಳುತ್ತವೆ. ಆಫೀಸಿನ ಕೆಲಸಕ್ಕೆ ಉಟ್ರೆಕ್ಟ್‌ಗೆ ಹೋಗಿದ್ದಾಗ ನಾನೇ ಕಂಡೆ. ಬಸ್ ಡ್ರೈವರನ ಇಂಗ್ಲಿಷ್ ನಮ್ಮ ಮ್ಯಾನೇಜರನದಕ್ಕಿಂತ ಚೆನ್ನಾಗಿತ್ತು. ಇದೇ ನನ್ನ ದೇಶ ಅಂದುಕೊಳ್ಳುವಷ್ಟರಲ್ಲಿ ಅಲ್ಲಿನ ಸಹೋದ್ಯೋಗಿ ತನ್ನ ಹುಟ್ಟುಹಬ್ಬಕ್ಕೆ ಮನೆಗೆ ಕರೆದ.

ಡಚ್ಚರ ಹುಟ್ಟುಹಬ್ಬದಲ್ಲಿ ಎಲ್ಲರೂ ಕುರ್ಚಿ ಹಾಕಿಕೊಂಡು ದುಂಡಗೆ ಕೂತಿರುತ್ತಾರೆ. ಬಂದವರು ಒಬ್ಬೊಬ್ಬರಿಗೂ ಕೈಕೊಟ್ಟು ಅಭಿನಂದಿಸಬೇಕು. ಹುಟ್ಟಿದವನನ್ನು ಮಾತ್ರವಲ್ಲ, ಅವನ ಅಪ್ಪ, ಅಮ್ಮ, ಹೆಂಡತಿ, ಅತ್ತೆಯನ್ನೂ. ನಾನು ಹುರುಪಿನಲ್ಲಿ ಪಾರ್ಸೆಲ್ ಕೊಡಲು ಬಂದು ಬಾಗಿಲಲ್ಲಿ ನಿಂತಿದ್ದ ಹುಡುಗನನ್ನೂ ಅಭಿನಂದಿಸಿದೆ. ತಲೆಗೊಂದು ಕಾಫಿ, ಒಂದು ತುಂಡು ಕೇಕ್ ಬಂತು. ಒಂದೇ ತುಂಡು. ‘ಅಯ್ಯೋ ಏನೂ ತಿನ್ನಲೇ ಇಲ್ಲ’ ಅಂತ ಎರಡನೆಯದನ್ನು ತಟ್ಟೆಗೆ ಜಾರಿಸುವ ಪದ್ಧತಿ ಅಲ್ಲಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಮೊದಮೊದಲು ಎಲ್ಲರೂ ನನಗಾಗಿ ಇಂಗ್ಲಿಷ್ ಆಡಿದರು. ಬೆಂಗಳೂರಿನ ಮಳೆ, ಟ್ರಾಫಿಕ್ಕು, ನಮ್ಮ ಖಾರ ಎಲ್ಲ ಆಯಿತು. ಆಮೇಲೆ ಇಳಿಜಾರಿನಲ್ಲಿ ನೀರು ಹರಿದ ಹಾಗೆ ಮಾತು ಡಚ್ಚಿಗೆ ಜಾರಿತು. ತಪ್ಪೇನಿಲ್ಲ ಬಿಡಿ, ಅವರ ಮನೆ, ಅವರ ಅತ್ತೆ. ನಾನೂ ಎದೆಗುಂದಲಿಲ್ಲ. ಎಲ್ಲರೂ ನಕ್ಕಾಗ ಒಂದು ಚಿಟಿಕೆ ತಡವಾಗಿ ನಕ್ಕೆ. ಅವರು ಹುಬ್ಬೇರಿಸಿದರೆ ನಾನೂ ಏರಿಸಿದೆ. ನಡುನಡುವೆ “ಯಾ, ಯಾ” ಅಂದೆ. ಕೈ ಕುದುರಿದಂತೆ ಆ ತಡವೂ ಉಳಿಯಲಿಲ್ಲ. ಒಂದೆರಡು ಕಡೆ ನಾನೇ ಮೊದಲು ನಕ್ಕೆ, ಅವರು ಹಿಂದಿನಿಂದ ಸೇರಿಕೊಂಡರು.

ಎದುರಿಗೆ ಸಹೋದ್ಯೋಗಿಯ ಚಿಕ್ಕಮ್ಮ ಕೂತಿದ್ದರು. ಏನೋ ಉದ್ದದ ಕಥೆ ತೆಗೆದರು. ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸಿದರು, ದಡಾರನೆ ಬಾಗಿಲು ಹಾಕಿದಂತೆ ಮಾಡಿದರು, ಆಮೇಲೆ ಸಣ್ಣಗೆ ಮಿಯಾಂವ್ ಅಂದರು. ನಾನು ತೊಡೆ ತಟ್ಟಿ ನಕ್ಕೆ. ಆಕೆಗೆ ನನ್ನ ಮೇಲೆ ಅದೇನು ವಿಶ್ವಾಸ ಹುಟ್ಟಿತೋ, ಉಳಿದ ಕಥೆಯನ್ನು ನನ್ನ ಕಡೆಗೇ ತಿರುಗಿ ಹೇಳಿದರು. ದನಿ ತಗ್ಗಿತು. ನಾನೂ ನಗುವನ್ನು ಹದವಾಗಿ ಇಳಿಸಿ ತಲೆದೂಗಿದೆ. ಕಥೆ ಮುಗಿಯಿತು. ಆಕೆ ಇಂಗ್ಲಿಷಿನಲ್ಲಿ ಕೇಳಿದರು, “ನಿಮಗೂ ಇದೆಲ್ಲ ಆಗಿರಬೇಕು, ಅಲ್ಲವೇ?”

ಇಡೀ ಕೋಣೆ ನನ್ನನ್ನೇ ನೋಡಿತು. ಸ್ಟೀರಿಂಗು, ಬಾಗಿಲು, ಬೆಕ್ಕು. ಕಾರಿಗೆ ಬೆಕ್ಕು ಅಡ್ಡ ಬಂದದ್ದು ಅಂತ ಲೆಕ್ಕ ಹಾಕಿ, “ಹೌದು, ಎರಡು ಸಲ” ಅಂದೆ.

ಯಾರೋ ಚಮಚ ಕೆಳಗಿಟ್ಟರು. ಚಿಕ್ಕಮ್ಮ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. ನಂತರ ಅಡುಗೆಮನೆಗೆ ಹೋಗಿ, ನನಗೊಬ್ಬನಿಗೇ, ಎರಡನೇ ತುಂಡು ಕೇಕ್ ತಂದುಕೊಟ್ಟರು. ಗೆದ್ದೆ ಅಂದುಕೊಂಡು ತಿಂದೆ.

ಸ್ಟೇಷನ್ನಿಗೆ ಬಿಡಲು ಬಂದ ಸಹೋದ್ಯೋಗಿ ತುಂಬ ಹೊತ್ತು ಸುಮ್ಮನಿದ್ದು, “ನಿನಗೆ ಎರಡು ಸಲ ಡೈವೋರ್ಸ್ ಆಗಿದೆ ಅಂತ ಗೊತ್ತೇ ಇರಲಿಲ್ಲ” ಅಂದ. ಚಿಕ್ಕಮ್ಮನ ಗಂಡ ಕ್ಯಾರವಾನ್ ಹೊಡೆದುಕೊಂಡು ಹೊರಟುಹೋಗಿದ್ದನಂತೆ, ಬೆಕ್ಕನ್ನು ಇವರ ಪಾಲಿಗೆ ಬಿಟ್ಟು.

ಮನೆಯಲ್ಲಿ ಈ ಕಥೆಯನ್ನು ನಗಿಸಲೆಂದು ಹೇಳಿದೆ. ಹೆಂಡತಿ ನಕ್ಕಳು. ಮಗಳು ನಗಲಿಲ್ಲ. “ಹಾಗಾದ್ರೆ ಮೂರನೇ ಮಹಡಿ ಅಂಕಲ್ಲನ್ನ ಯಾಕಪ್ಪಾ ಬೈತೀಯ?” ಅಂದಳು.

ಮೂರನೇ ಮಹಡಿಯ ಮಹಾಶಯ 2008ರಿಂದ ಬೆಂಗಳೂರಿನಲ್ಲಿದ್ದಾನೆ. ಮಕ್ಕಳು ಹುಟ್ಟಿದ್ದು ಇಲ್ಲೇ. ಸೊಪ್ಪಿನ ಗಾಡಿಯವಳ ಹತ್ತಿರ ಒಂದು ಕಂತೆ ಕೊತ್ತಂಬರಿಯನ್ನು ಕನ್ನಡದಲ್ಲಿ ಕೇಳಲು ಬಾರದು, ಕೇಳಿದರೆ ಇಲ್ಲಿ ಎಲ್ಲ ನಡೆಯುತ್ತಲ್ಲ ಅನ್ನುತ್ತಾನೆ. ಪ್ರತಿ ನವೆಂಬರ್ ಒಂದಕ್ಕೆ ನಾನು ಅವನ ಬಗ್ಗೆ ಗೇಟಿನ ಹತ್ತಿರ ಭಾಷಣ ಮಾಡುತ್ತೇನೆ. ಅದನ್ನು ಕೇಳಿ, ಒಳ್ಳೆಯ ಕನ್ನಡದಲ್ಲಿ “ಸರಿಯಾಗಿ ಹೇಳಿದ್ರಿ ಸಾರ್” ಅನ್ನುವವನು ನೇಪಾಳದಿಂದ ಬಂದ ವಾಚ್‌ಮನ್. ನನ್ನ ವಿಷಯ ಬೇರೆ, ನಾನು ಹೋಗುತ್ತಿರುವುದು ಯುರೋಪಿಗೆ, ಅಂತ ಮಗಳಿಗೆ ವಿವರಿಸಿದೆ. ಅವಳು ಕೇಳಲಿಲ್ಲ. “ಯುರೋಪಿನಿಂದ ಬಂದವರೇನು ಕನ್ನಡ ಕಲಿತರಾ?” ಅಂತ ಗದರಿದೆ. ಹಾಗನ್ನುವಾಗ ನನ್ನ ಕೈ ಆನಿಸಿಕೊಂಡಿದ್ದ ಕಪಾಟಿನಲ್ಲೇ ಕಿಟೆಲ್ ನಿಘಂಟು ಕೂತಿತ್ತು.

ಜರ್ಮನಿಯ ಆ ಪಾದ್ರಿ 1853ರಲ್ಲಿ ಬಾಸೆಲ್ ಮಿಷನ್ನಿನವರಾಗಿ ಬಂದು, ನಿಘಂಟನ್ನು 1894ರಲ್ಲಿ ಮಂಗಳೂರಿನಿಂದ ಹೊರತಂದರು. ಬಂದದ್ದು ಮತಪ್ರಚಾರಕ್ಕೆ, ನಿಜ. ಆದರೆ ನಮ್ಮ ಗಾದೆಗಳನ್ನೂ ಬಿಡದೆ ಹೆಕ್ಕಿ ನಿಘಂಟಿಗೆ ಸೇರಿಸಿದರು. ಹೊರಡುವ ಮುಂಚೆ ಅವರು ‘ಅಲ್ಲಿ ಜರ್ಮನ್ ನಡೆಯುತ್ತದಾ?’ ಅಂತ ವಿಚಾರಿಸಿದ್ದರೆ ಕಪಾಟಿನ ಆ ಜಾಗ ಖಾಲಿ ಇರುತ್ತಿತ್ತು. ಇದನ್ನು ಮಗಳಿಗೆ ಹೇಳಲಿಲ್ಲ. ಅವಳ ಕೈಗೆ ಅಷ್ಟು ದಪ್ಪದ ಆಯುಧ ಕೊಡುವುದು ಕ್ಷೇಮವಲ್ಲ.

ಈ ನಡುವೆ ಹೆಂಡತಿ ಸದ್ದಿಲ್ಲದೆ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಸೇರಿ ಜರ್ಮನ್ ಭಾಷೆಯ ಮೊದಲ ಹಂತ ಎ1 ಮುಗಿಸಿದ್ದಾಳೆ. ಫ್ರಿಜ್ಜಿಗೆ, ಪೊರಕೆಗೆ, ನನ್ನ ಕುರ್ಚಿಗೆ ಜರ್ಮನ್ ಹೆಸರಿನ ಚೀಟಿ ಅಂಟಿವೆ. ಸಾಫ್ಟ್‌ವೇರ್ ಟೆಸ್ಟಿಂಗಿನವಳು, ನುರಿತ ಕೆಲಸದವರಿಗೆ ಕೊಡುವ ಬ್ಲೂ ಕಾರ್ಡ್ ಸಿಕ್ಕರೂ ಸಿಕ್ಕೀತು. ನಾನು ಕೂತು ನಿಯಮಗಳನ್ನು ಓದಿದೆ. ಜರ್ಮನಿಗೆ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳಬೇಕಾದರೆ ಸಾಮಾನ್ಯವಾಗಿ ಆ ಬರುವವರಿಗೂ ಎ1 ಜರ್ಮನ್ ಆಗಿರಬೇಕು. ಬ್ಲೂ ಕಾರ್ಡಿನವರ ಸಂಗಾತಿಗೆ ವಿನಾಯಿತಿ! ಲ್ಯಾಪ್‌ಟಾಪ್ ಎತ್ತಿಕೊಂಡು ಅಡುಗೆಮನೆಗೆ ಓಡಿದೆ.

“ನೋಡೇ, ನನ್ನ ದೇಶ ಸಿಕ್ಕಿತು! ಒಂದಕ್ಷರಾನೂ ಕಲಿಯಬೇಕಾಗಿಲ್ಲ.”

“ಅಲ್ಲೂ ಯಾರಾದ್ರೂ ಹುಟ್ಟುಹಬ್ಬಕ್ಕೆ ಕರೀತಾರಲ್ಲ ರೀ?”

“ನೀನು ಪಕ್ಕದಲ್ಲಿ ಇರ್ತೀಯಲ್ಲ.”

ಒಗ್ಗರಣೆಗೆ ಸಾಸಿವೆ ಹಾಕುತ್ತ ಅಂದಳು, “ಇರ್ತೀನಿ. ಇರೋವಾಗಲೇ ಜರ್ಮನ್‌ನಲ್ಲಿ ಎಲ್ಲರಿಗೂ ಹೇಳಿಬಿಡ್ತೀನಿ, ಇದು ಇವರ ಮೂರನೇದು ಅಂತ.”