ಪೇಷೆಂಟಿಗೆ ನೀವೇನಾಗಬೇಕು?

ಹೆದ್ದಾರಿ ಬದಿಯ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿ ಕೌಂಟರಿನ ಸಾಹೇಬರಿಗೆ,

ನಿನ್ನೆ ರಾತ್ರಿ ನಿಮ್ಮ ಗಾಜಿನ ಕಿಂಡಿಯ ಮುಂದೆ ಕೈಗೆಲ್ಲ ರಕ್ತ ಮೆತ್ತಿಕೊಂಡು ನಿಂತಿದ್ದವನು ನಾನೇ. ಗುರುತು ಹತ್ತದಿದ್ದರೆ ಬೇಜಾರಿಲ್ಲ, ನೀವು ಒಮ್ಮೆಯೂ ತಲೆ ಎತ್ತಿರಲಿಲ್ಲ. ಮನೆಗೆ ಬಂದು ಸ್ನಾನ ಮಾಡಿದೆ. ಸಿಟ್ಟು ಇಳಿಯಲಿಲ್ಲ. ಅದಕ್ಕೇ ಈ ಕಾಗದ.

ದಾಬಸ್‌ಪೇಟೆ ದಾಟಿದ ಮೇಲೆ ಯಾವುದೋ ಟಿಪ್ಪರು ಚೆಲ್ಲಿಕೊಂಡು ಹೋದ ಎಂ-ಸ್ಯಾಂಡಿನ ಮೇಲೆ ಹುಡುಗನೊಬ್ಬನ ಬೈಕು ಜಾರಿತು. ಸುತ್ತ ನೆರೆದವರಲ್ಲಿ ಅರ್ಧ ಜನ ವಿಡಿಯೊ ಮಾಡುತ್ತಿದ್ದರು, ಉಳಿದರ್ಧ ‘108ಕ್ಕೆ ಮಾಡ್ರೋ’ ಎಂದು ಒಬ್ಬರಿಗೊಬ್ಬರು ಅಪ್ಪಣೆ ಕೊಡುತ್ತಿದ್ದರು. ಆಂಬುಲೆನ್ಸ್ ಬಂತು, ನಾನೂ ಹತ್ತಿದೆ. ಸ್ಟ್ರೆಚರು ಒಳಗೆ ಬಂದಾಗ ತಾವು ಕೇಳಿದ ಮೊದಲ ಪ್ರಶ್ನೆ, ಹುಡುಗ ಉಸಿರಾಡುತ್ತಿದ್ದಾನಾ ಎಂದಲ್ಲ. ‘ಪೇಷೆಂಟಿಗೆ ನೀವೇನಾಗಬೇಕು?’

ಏನೂ ಆಗಬೇಕಿಲ್ಲ ಸ್ವಾಮಿ, ದಾರೀಲಿ ಬಿದ್ದಿದ್ದ, ಕರಕೊಂಡು ಬಂದೆ ಅಂದೆ. ‘ಏನೂ ಆಗ್ಬೇಕಿಲ್ಲ ಅಂದ್ರೆ ಸಿಸ್ಟಮ್ ತಗೊಳ್ಳಲ್ಲ’ ಅಂದಿರಿ. ಆ ಕಾಲಂ ತುಂಬದೆ ಮುಂದಿನ ಪುಟ ತೆರೆಯುವುದಿಲ್ಲವಂತೆ. ತಂದೆ, ತಾಯಿ, ಗಂಡ, ಹೆಂಡತಿ, ಚಿಕ್ಕಪ್ಪ, ಸೋದರಮಾವ, ಎಲ್ಲರೂ ಇದ್ದರು ನಿಮ್ಮ ಪಟ್ಟಿಯಲ್ಲಿ. ದಾರಿಹೋಕನೊಬ್ಬ ಇರಲಿಲ್ಲ.

ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಹುಡುಗನ ಫೋನು ಮತ್ತೆ ಬಡಕೊಳ್ಳತೊಡಗಿತು. ಚೂರುಚೂರಾದ ಪರದೆಯ ಮೇಲೆ ‘ಅವ್ವ’. ಒದ್ದೆ ಬೆರಳಿಗೆ ಪರದೆ ಜರುಗಲಿಲ್ಲ. ಅಂಗಿಗೆ ಬೆರಳೊರೆಸಿಕೊಂಡು ಎತ್ತಿದರೆ ರಾಯಚೂರು ಕಡೆಯ ದನಿ: ‘ಯಾರ್ರಿ ಅಣ್ಣಾರ ನೀವು? ನನ್ ಮಗ ಎಲ್ಲಿದಾನ್ರಿ?’ ಆಸ್ಪತ್ರೇಲಿದ್ದಾನೆ, ಮಾತಾಡ್ತಿದ್ದಾನೆ ಅಂದೆ. ಎರಡನೆಯದು ಸುಳ್ಳು. ಆಕೆಗೆ ನಾನು ಅಣ್ಣ ಆದಮೇಲೆ ಹುಡುಗನಿಗೆ ಸೋದರಮಾವ ತಾನೆ? ಕಿಂಡಿಯತ್ತ ತಿರುಗಿ ಹಾಗೇ ಹೇಳಿಬಿಟ್ಟೆ. ತಾವು ಒತ್ತಿದಿರಿ, ಪುಟ ತೆರೆಯಿತು, ಸ್ಟ್ರೆಚರು ಹೊರಟಿತು.

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಅಂತಾರೆ ನಮ್ಮಲ್ಲಿ. ಅಳಿಯನ ಹಲ್ಲು ಮುರಿದರೂ ಕೇಡು ಮಾವನಿಗೇ ಎಂದು ನಿನ್ನೆ ಗೊತ್ತಾಯಿತು. ಮಾವ ಅಡ್ವಾನ್ಸ್ ಕಟ್ಟಿ. ಮಾವ ಆಧಾರ್ ಕೊಡಿ. ಮಾವ ಇಲ್ಲೊಂದು, ಇಲ್ಲೊಂದು, ಇಲ್ಲೊಂದು ಸಹಿ ಹಾಕಿ. ಅಪಘಾತದ ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸಪ್ಪನಿಗಂತೂ ಹಬ್ಬ. ‘ಸೋದರಮಾವ ಅಂತೀರಿ, ಅಳಿಯನ ಹೆಸರು ಗೊತ್ತಿಲ್ವಾ?’ ಆಮೇಲೆ ದನಿ ತಗ್ಗಿಸಿ, ‘ನಿಮ್ಮ ಗಾಡೀನೇ ಗುದ್ದಿದ್ದಾ ಸಾರ್? ಹೇಳ್ಬಿಡಿ.’

ಸಾಹೇಬರೇ, ನಿಮ್ಮ ಕಿಂಡಿಯ ಪಕ್ಕದಲ್ಲೇ ಒಂದು ಫಲಕವಿದೆ. ಮಾಸ್ಟರ್ ಹೆಲ್ತ್ ಚೆಕಪ್ಪಿನ ಸ್ಟ್ಯಾಂಡಿಯ ಹಿಂದೆ. ಕಾಯುವವನಿಗೆ ಬೇರೇನು ಕೆಲಸ, ಸರಿಸಿ ಓದಿದೆ. ಗಾಯಾಳುವನ್ನು ತಂದವನ ಹೆಸರು, ವಿಳಾಸ, ಫೋನು ಹೇಳು ಎಂದು ಒತ್ತಾಯಿಸುವಂತಿಲ್ಲ. ದುಡ್ಡು ಕಟ್ಟೆನ್ನುವಂತಿಲ್ಲ. ಅವನನ್ನು ತಡೆದು ಕೂರಿಸುವಂತಿಲ್ಲ. ಸುಪ್ರೀಂ ಕೋರ್ಟು ಈ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟದ್ದು 2016ರ ಮಾರ್ಚಿನಲ್ಲಿ. ಮೋಟಾರು ವಾಹನ ಕಾಯ್ದೆಗೆ, ಇಂಥವರನ್ನೇ ಕಾಯುವ 134ಎ ಕಲಂ ಸೇರಿದ್ದು 2019ರಲ್ಲಿ. ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮದು, ಕರ್ನಾಟಕ! ಪೊಲೀಸ್ ಕಾಗದಪತ್ರಕ್ಕೆ ಕಾಯದೆ ಮೊದಲು ಜೀವ ಉಳಿಸಿ ಎಂದು ಇದೇ ಕೋರ್ಟು 1989ರಲ್ಲೇ ಹೇಳಿ ಆಗಿದೆ. ಇಷ್ಟನ್ನೂ ನಿಮ್ಮ ಒಂದು ಕಾಲಂ ತಡೆದು ನಿಲ್ಲಿಸಿತು.

ನಗಿಸುತ್ತ ಬರೆಯೋಣವೆಂದು ಕೂತವನು ನಾನು. ಆಗುತ್ತಿಲ್ಲ. ನೆಲಮಂಗಲದ ಹತ್ತಿರ, ಇದೇ ಹೆದ್ದಾರಿಯಲ್ಲಿ, 2016ರಲ್ಲಿ ಲಾರಿಯಡಿ ಸಿಕ್ಕಿ ದೇಹ ಎರಡು ತುಂಡಾದ ಹುಡುಗ ತನ್ನ ಅಂಗಾಂಗ ದಾನ ಮಾಡಿ ಎಂದು ಹೇಳಿ ಹೋದ. ಅವನ ಹೆಸರಿನಲ್ಲೇ ‘ಸಾಂತ್ವನ ಹರೀಶ್’ ಯೋಜನೆ ಬಂತು, ಅಪಘಾತವಾದ ಮೊದಲ 48 ಗಂಟೆಗೆ 25,000 ರೂಪಾಯಿವರೆಗೆ ಸರ್ಕಾರವೇ ಕೊಡುತ್ತದೆಂದು. ಆ ರಸ್ತೆಯ ಪಕ್ಕದಲ್ಲೇ ಕೂತು ನೀವು, ಸ್ಟ್ರೆಚರಿನಿಂದ ರಕ್ತ ತೊಟ್ಟಿಕ್ಕುತ್ತಿರುವಾಗ, ಪೇಷೆಂಟಿಗೆ ನೀವೇನಾಗಬೇಕು ಅಂತೀರಿ! ನಾಚಿಕೆಯಾಗಬೇಕು. ಒಳಗಿನ ನರ್ಸಮ್ಮ ಮಾತ್ರ ಏನೂ ಕೇಳಲಿಲ್ಲ. ನನ್ನ ಕೈ ನೋಡಿ ನಲ್ಲಿ ತೋರಿಸಿದಳು.

ಈಗ ಗಾಯಾಳುವನ್ನು ಕರೆತರುವುದಕ್ಕೆ ಬಹುಮಾನವೂ ಇದೆಯಂತೆ, ‘ರಾಹ್‌-ವೀರ್’. ಮೊದಲು 5,000 ಇದ್ದದ್ದು ಈಗ 25,000. ತೀವ್ರ ಗಾಯವಾದವರನ್ನು ಗೋಲ್ಡನ್ ಅವರ್, ಅಂದರೆ ಮೊದಲ ಒಂದು ತಾಸಿನೊಳಗೆ, ಆಸ್ಪತ್ರೆ ಮುಟ್ಟಿಸಿದವರಿಗೆ. ಮುಟ್ಟಿಸಿದ್ದೆ. ಆ ತಾಸಿನಲ್ಲಿ ಉಳಿದಿದ್ದಷ್ಟೂ ನಿಮ್ಮ ಕಿಂಡಿಯಲ್ಲಿ ಕರಗಿತು. ನನಗಂತೂ ಬಹುಮಾನ ಬೇಡ, ಸೋದರಮಾವ ಬಹುಮಾನ ತಗೊಂಡರೆ ನಾಲ್ಕು ಜನ ಏನಂದಾರು?

ಒಂದೇ ಒಂದು ಕೆಲಸ ಮಾಡಿಕೊಡಿ. ಹುಡುಗನ ನಿಜವಾದ ಸೋದರಮಾವ ಸಿಂಧನೂರಿನಿಂದ ರಾತ್ರಿ ಬಸ್ಸು ಹಿಡಿದು ಬೆಳಿಗ್ಗೆ ನಿಮ್ಮಲ್ಲಿಗೆ ಬಂದರು. ಅವರು ಫೋನ್ ಮಾಡಿದ್ದರು. ಸಿಸ್ಟಮಿನಲ್ಲಿ ಆಗಲೇ ಒಬ್ಬ ಸೋದರಮಾವ ಇದ್ದಾನೆಂದು ಅವರನ್ನು ಒಳಗೆ ಬಿಡುತ್ತಿಲ್ಲವಂತೆ. ದಯವಿಟ್ಟು ನನ್ನನ್ನು ಡಿಲೀಟ್ ಮಾಡಿ. ನೀವು ಕೊಟ್ಟ ಒಂದೇ ಒಂದು ಅಟೆಂಡರ್ ಪಾಸು ನನ್ನ ಅಂಗಿ ಜೇಬಿನಲ್ಲಿತ್ತು, ಅಂಗಿಯ ಜೊತೆ ಬಕೆಟ್ಟಿನಲ್ಲಿ ನೆಂದು ಮುದ್ದೆಯಾಗಿದೆ. ಪಾಸು ಕಳೆದರೆ ದಂಡ ಎಂದು ಅವರಿಗೆ ಹೇಳಿದಿರಂತೆ. ಅದನ್ನೂ ಮಾವನ ಲೆಕ್ಕಕ್ಕೇ ಬರೆದುಕೊಂಡು ಅವರಿಗೊಂದು ಪಾಸು ಕೊಡಿ.

ಇಂತಿ,
ತಮ್ಮ ಸಿಸ್ಟಮಿನ ಪ್ರಕಾರ ಹತ್ತಿರದ ಸಂಬಂಧಿ